ಬೇಗೂರಿನ ರಕ್ಕಸನ ರಕ್ತಪರೀಕ್ಷೆ

೧೩ ಫೆಬ್ರವರಿ ೨೦೦೬, ಸೋಮವಾರ

ಬನ್ನಿ ಮಹಾಜನರೇ! ಹಿಂದಿನವರು ಮುಂದೆ ಸರಿಯಿರಿ, ಮುಂದಿನವರು ಕುಳಿತುಕೊಳ್ಳಿ! ಸಭೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಗೊತ್ತು. ಆದರೂ ಹೀಗೆ ಕೂಗದೆ ನನ್ನ ಪೆನ್ನು ಓಡುವುದಿಲ್ಲ.

ಯುಗಾದಿಗೆ ನಾಟಕ. ನನ್ನದು ರಕ್ಕಸ ದೊರೆ. ನಿನ್ನೆ ತಾಲೀಮಿನಲ್ಲಿ ಮೊದಲ ಪ್ರವೇಶದ ಅಟ್ಟಹಾಸ ಮಾಡುತ್ತಿದ್ದಂತೆ ಕಣ್ಣು ಕತ್ತಲಿಟ್ಟಿತು. ಹಾರ್ಮೋನಿಯಂ ಮೇಲೆ ಬಿದ್ದೆ. ಹಾರ್ಮೋನಿಯಂ ಬದುಕಿತು. ನನ್ನ ಹೆಂಡತಿ ಪುಟ್ಟಸಿದ್ದಮ್ಮ ಬಿಡಲಿಲ್ಲ — ರಕ್ತಪರೀಕ್ಷೆ ಆಗಲೇಬೇಕಂತೆ, ಖಾಲಿ ಹೊಟ್ಟೆಯಲ್ಲಿ.

ಬೆಳಿಗ್ಗೆ ಎಂದಿನಂತೆ ಮಾದಪ್ಪನ ಗುಡಿ. ನಾಟಕ ಮುಗಿಯುವ ತನಕ ಪಾತ್ರಧಾರಿಗಳು ದಿನವೂ ಅಲ್ಲಿ ರಸಾಯನ ತೆಗೆದುಕೊಳ್ಳಬೇಕು. ಬಾಳೆಹಣ್ಣು, ಬೆಲ್ಲ, ಜೇನು — ಕಂಠಕ್ಕೆ. ನಮ್ಮ ಮಂಡಳಿಯ ಪದ್ಧತಿ. ರಕ್ಕಸನಿಗೆ ದೊಡ್ಡ ದೊನ್ನೆ. ಗುಂಡ್ಲುಪೇಟೆ ಬಸ್ಸಿನಲ್ಲಿ ಮುಗಿಸಿದೆ, ಪ್ರಸಾದ ಚೆಲ್ಲುವಂತಿಲ್ಲ.

ಲ್ಯಾಬಿನವನು ಏನಾದರೂ ತಿಂದಿದ್ದೀರಾ ಎಂದ. ಒಂದು ಅಗುಳೂ ಇಲ್ಲ ಎಂದೆ. ಕಿಟಕಿಯ ಗಾಜು ಅದುರಿತು. ಸೂಜಿ ಚುಚ್ಚುವಾಗ ಮಾತ್ರ ಪುಟ್ಟಸಿದ್ದಮ್ಮನ ಕೈ ಹಿಡಿದಿದ್ದೆ...

೧೫ ಫೆಬ್ರವರಿ

ರಿಪೋರ್ಟು ಬಂತು. ಎಲ್ಲ ನಾರ್ಮಲ್, ಸಕ್ಕರೆಯೊಂದು ಬಿಟ್ಟು. ನೂರ ಐವತ್ತೆಂಟು! ಖಾಲಿ ಹೊಟ್ಟೆಗೇ ಇಷ್ಟಾದರೆ ಉಂಡ ಮೇಲೆ ಎಷ್ಟೋ ಎಂದು ಅರ್ಧ ಬೇಗೂರು ನಮ್ಮ ಜಗಲಿಯಲ್ಲಿ ಕೂತು ಮರುಗಿತು. ದೊಡ್ಡ ಡಾಕ್ಟರಿಗೆ ತೋರಿಸಬೇಕಂತೆ.

ಸಂಜೆ ನಾಟಕದ ಮೇಷ್ಟ್ರು ಗಂಗಾಧರಸ್ವಾಮಿ ಬಂದರು. ಮಳೆ ಬೆಳೆ ಮಾತಾಡಿದರು. ಕೊನೆಗೆ ಬಾಯಿ ಬಿಟ್ಟರು.

“ಸಕ್ಕರೆ ಬಂದೋರು ರಾತ್ರಿಯೆಲ್ಲಾ ಕುಣಿಯಕ್ಕಾಗಕಿಲ್ಲ ಕಣ ಮಾದೇವಣ್ಣ. ನಿನ್ ಪಾರ್ಟ ಕರಿಬಸವಯ್ಯಂಗೆ ಕೊಟ್ಬುಟ್ಟೆ.”

ಕರಿಬಸವಯ್ಯ! ಪ್ರತಿ ನಾಟಕದಲ್ಲೂ ದ್ವಾರಪಾಲಕ. ಅವನ ಮಾತು ಒಟ್ಟು ಒಂದು — ಅಪ್ಪಣೆ, ಪ್ರಭು.

ಮೀಸೆ ಬಂದಾಗಿನಿಂದ ಆ ರಕ್ಕಸ ನನ್ನವನು. ಬರೆಯಲಾರೆ.

೨೮ ಫೆಬ್ರವರಿ

ಹಾಗಲಕಾಯಿ ರಸ. ಮತ್ತೆ ಹಾಗಲಕಾಯಿ ರಸ. ಕಾಫಿಗೆ ಬೆಲ್ಲವಿಲ್ಲ. ಅರಿಶಿನ ಅಗೆದ ಹೊಲದಲ್ಲಿ ನಿಂತು ಒಂದು ಡೈಲಾಗ್ ಹೊಡೆದೆ. ಕೊಕ್ಕರೆಗಳು ಎದ್ದು ಹಾರಿದವು. ಚಪ್ಪಾಳೆ ಇಲ್ಲ.

೬ ಮಾರ್ಚ್, ಚಾಮರಾಜನಗರ

ಮಹಾಜನರೇ, ಎದ್ದು ನಿಲ್ಲಿ! ಇವತ್ತು ಆಸ್ಪತ್ರೆಯಲ್ಲೇ ಪ್ರದರ್ಶನ!

ಡಾಕ್ಟರ್ ಚೈತ್ರ. ಚಿಕ್ಕ ವಯಸ್ಸು. ತಲೆ ಸುತ್ತಿದ್ದು ಹೇಗೆ, ಮಾಡಿ ತೋರಿಸಿ ಎಂದರು. ನನಗೆ ಹೇಳಬೇಕೇ? ಎದ್ದೆ. ಪಂಚೆ ಎತ್ತಿ ಕಟ್ಟಿದೆ. ಉಸಿರು ಬಿಗಿಹಿಡಿದು ಅಟ್ಟಹಾಸ! ಹೊರಗಿನ ಕ್ಯೂ ಬಾಗಿಲಿಗೆ ಬಂತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವನೊಬ್ಬ ತೊಡೆ ತಟ್ಟಿ ಶಭಾಶ್ ಎಂದ. ನಾನು ಗೋಡೆ ಹಿಡಿದು ನಿಂತೆ. ಡಾಕ್ಟರು ನಗುತ್ತಲೇ ಬಿಪಿ ನೋಡಿದರು, ಎದೆಗೆ ಇಸಿಜಿ ಮಾಡಿಸಿದರು. ಏನೂ ಇಲ್ಲ. ಹಾಗೆ ಉಸಿರುಕಟ್ಟಿ ನಕ್ಕರೆ ಯಾರಿಗಾದರೂ ತಲೆ ಸುತ್ತುತ್ತದೆ, ನಡುವೆ ಉಸಿರು ತೆಗೆದುಕೊಳ್ಳಿ, ಇದು ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ ಎಂದರು.

ಮತ್ತೆ ಸಕ್ಕರೆ? ಮೊದಲು ರಕ್ತ ಕೊಟ್ಟ ದಿನ ಎದ್ದಾಗಿನಿಂದ ಬಾಯಿಗೆ ಏನೇನು ಹೋಯಿತು ಎಂದು ಪುಟ್ಟಸಿದ್ದಮ್ಮನನ್ನು ಕೇಳಿದರು.

“ನೀರು ಕುಡುದ್ರು. ಒಂದು ದೊನ್ನೆ ರಸಾಯನ ಬುಟ್ರೆ ಇನ್ನೇನೂ ಇಲ್ಲ ಕಣವ್ವಾ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಅದು ಪ್ರಸಾದ ಎಂದು ಗಂಡ ಹೆಂಡತಿ ಒಟ್ಟಿಗೇ ಅಂದೆವು.

“ಪ್ರಸಾದ ಅಂತ ರಕ್ತಕ್ಕೆ ಗೊತ್ತಾಗಲ್ಲ ಯಜಮಾನ್ರೇ. ಆ ಹೊತ್ತಿಗೆ ಸಕ್ಕರೆ ಎಷ್ಟಿದೆ ಅಂತ ಹೇಳುತ್ತೆ ಅಷ್ಟೇ. ಬೆಲ್ಲದಿಂದ ಬಂತಾ, ಕಾಯಿಲೆಯಿಂದ ಬಂತಾ, ಅದು ಹೇಳಲ್ಲ.”

ನಾಳೆ ಮತ್ತೆ ರಕ್ತ ಕೊಡಬೇಕು, ನಿಜವಾದ ಖಾಲಿ ಹೊಟ್ಟೆಯಲ್ಲಿ. ಮೂರು ತಿಂಗಳ ಸಕ್ಕರೆ ತಿಳಿಸುವ ಇನ್ನೊಂದು ಪರೀಕ್ಷೆ ಮೈಸೂರಿಗೆ ಹೋಗುತ್ತದಂತೆ. ಇಲ್ಲೇ ಷಡ್ಡಕನ ಮನೆಯಲ್ಲಿ ಉಳಿದಿದ್ದೇವೆ. ಪುಟ್ಟಸಿದ್ದಮ್ಮ ಕಾವಲು.

೧೪ ಮಾರ್ಚ್

ತೊಂಬತ್ತೊಂದು! ಮೈಸೂರಿನದೂ ಸರಿಯಾಗಿದೆ! ಸಕ್ಕರೆ ಕಾಯಿಲೆ ಇಲ್ಲ! ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ, ಇವತ್ತಿನ ರಕ್ತ ಮುಂದಿನ ವರ್ಷದ ಮಾತಾಡುವುದಿಲ್ಲ ಎಂದರು ಡಾಕ್ಟರು. ಒಪ್ಪಿದೆ. ಬಸ್‌ಸ್ಟ್ಯಾಂಡಿನಲ್ಲಿ ಮೈಸೂರ್ ಪಾಕ್ ತಿಂದೆ. ಪುಟ್ಟಸಿದ್ದಮ್ಮನಿಗೂ ತಿನ್ನಿಸಿದೆ, ಎಲ್ಲರೆದುರು. ನಾಚಿ ಬೈದಳು.

೧೫ ಮಾರ್ಚ್, ಸಂಜೆ

ಮೇಷ್ಟ್ರು ರಿಪೋರ್ಟು ನೋಡಿ ಕಿರೀಟವನ್ನು ನನ್ನ ಕೈಗೇ ಕೊಟ್ಟರು. ಪಾತ್ರ ನನ್ನದೇ. ಕರಿಬಸವಯ್ಯನಿಗೆ ನಾನೇ ಹೇಳುತ್ತೇನೆಂದು ತಾಲೀಮಿನ ಮನೆಗೆ ಹೋದೆ. ಗೆದ್ದ ನಡಿಗೆಯಲ್ಲೇ ಹೋದೆ. ಒಳಗೆ ಅವನೊಬ್ಬನೇ, ರಕ್ಕಸನ ಸಾವಿನ ಸೀನು ಹೇಳುತ್ತಿದ್ದ. ಅಬ್ಬರವಿಲ್ಲ. ಮಂಡಿಯೂರಿ, ಮೆಲ್ಲಗೆ, ಮಗನ ಹೆಸರು ಕರೆಯುತ್ತಾ ಸತ್ತ. ಕಿಟಕಿಯಾಚೆ ನಿಂತು ಕೊನೆಯ ತನಕ ನೋಡಿದೆ. ನಾನು ಯಾವತ್ತೂ ಹಾಗೆ ಸತ್ತಿಲ್ಲ. ನನ್ನ ಸಾವಿಗೆ ಜನ ಶಿಳ್ಳೆ ಹೊಡೆಯುತ್ತಾರೆ, ಅಷ್ಟೇ.

ಹೇಳದೆ ಬಂದುಬಿಟ್ಟೆ.

ಒಂದೇ ಪಾತ್ರ ಇಬ್ಬರು ಮಾಡುವುದು ನಮ್ಮ ಕಡೆ ಇದ್ದದ್ದೇ — ಮೊದಲರ್ಧಕ್ಕೆ ಒಬ್ಬ, ಕೊನೆಯರ್ಧಕ್ಕೆ ಇನ್ನೊಬ್ಬ. ನಾನು ಮಾತ್ರ ಯಾರಿಗೂ ಪಾಲು ಕೊಟ್ಟವನಲ್ಲ. ಈ ಸಲ ಕೊಡುತ್ತೇನೆ ಎಂದು ಪುಟ್ಟಸಿದ್ದಮ್ಮನಿಗೆ ಹೇಳಿದೆ. ರಕ್ತದ ರಿಪೋರ್ಟಿನಲ್ಲಿ ಇದೂ ಬಂದಿತ್ತಾ ಎಂದು ಕೇಳಿ ನಕ್ಕಳು.

ನಾಳೆ ಬೆಳಿಗ್ಗೆ ಕಿರೀಟ ಕಂಕುಳಲ್ಲಿಟ್ಟುಕೊಂಡು ಅವನ ಮನೆ ಬಾಗಿಲಲ್ಲಿ ನಿಲ್ಲುತ್ತೇನೆ. ಕೇರಿಯೆಲ್ಲ ಎದ್ದು ಬರುವಂತೆ ಕೂಗುತ್ತೇನೆ — ಲೋ ಕರಿಬಸವ, ನಗೋದು ನಂದು, ಸಾಯೋದು ನಿಂದು ಕಣ್ಲಾ, ಬಾ ಈಚೆಗೆ —