ಬೆರಳಿಟ್ಟ ಜಾಗ

ಮುನಿವೆಂಕಟಮ್ಮನವರಿಗೆ,

ಜಯನಗರದಿಂದ ಬಸವಪ್ರಸಾದ್ ಬರೆಯುತ್ತಿರುವ ಕಾಗದ ಇದು. ನಿಮ್ಮ ಬಾಯಲ್ಲಿ ನಾನು ಪ್ರಸಾದು. ಇಪ್ಪತ್ತನಾಲ್ಕು ವರ್ಷದ ಹಿಂದೆ ಟೇಪ್ ರೆಕಾರ್ಡರ್ ಹಿಡಿದುಕೊಂಡು ಜರಗನಹಳ್ಳಿಯ ನಿಮ್ಮ ಮನೆಗೆ ಬರುತ್ತಿದ್ದವನು. ನೀವು ಕೊಟ್ಟ ಹುರಿಹಿಟ್ಟನ್ನು ಪ್ರಶ್ನೆಪಟ್ಟಿಯ ಮೇಲೆ ಚೆಲ್ಲಿಕೊಂಡು ನಿಮ್ಮನ್ನು ನಗಿಸಿದವನು.

ಓದಿ ಹೇಳುತ್ತಿರುವವಳು ನಿಮ್ಮ ಮೊಮ್ಮಗಳು ಹೇಮಶ್ರೀ. ಎದುರಿಗೇ ಬಂದು ಹೇಳಬಹುದಿತ್ತು. ಕಳೆದ ವಾರ ಬಸ್ಸು ಹತ್ತಿ ನಿಮ್ಮ ಸ್ಟಾಪಿನಲ್ಲಿ ಇಳಿದೆ, ಐದು ನಿಮಿಷ ನಿಂತೆ, ಎದುರು ಬದಿಗೆ ದಾಟಿ ವಾಪಸ್ ಬಸ್ಸು ಹಿಡಿದೆ. ನಿಮ್ಮ ಮುಂದೆ ಕೂತರೆ ನಾನು ಮತ್ತೆ ನಿಮಗೆ ಇಷ್ಟವಾಗುವುದನ್ನೇ ಹೇಳಿಬಿಡುತ್ತೇನೆ ಎಂದು ಹೆದರಿಕೆಯಾಯಿತು. ಕಾಗದದ ಮೇಲೆ ನನಗೆ ಅಷ್ಟು ಸುಲಭವಾಗಿ ಸುಳ್ಳು ಬರುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಅದೂ ನಿಜವಲ್ಲ. ಕಾಗದದ ಮೇಲೆಯೇ ಶುರುವಾದದ್ದು ಇದು.

ಆಗ ನಾನು ಬರುತ್ತಿದ್ದದ್ದು ಯಾಕೆಂದು ನಿಮಗೆ ಎಂದಾದರೂ ಸರಿಯಾಗಿ ಹೇಳಿದ್ದೆನೋ ಇಲ್ಲವೋ. ಬೆಂಗಳೂರು ಊರುಗಳನ್ನು ನುಂಗುವಾಗ ಆ ಊರುಗಳ ಹೆಣ್ಣುಮಕ್ಕಳ ಪಾಲಿನ ಜಮೀನು ಏನಾಯಿತು ಎಂಬುದು ನಮ್ಮ ಅಧ್ಯಯನದ ವಿಷಯ. ಪ್ರಶ್ನೆಗಳು ಹೊರದೇಶದಲ್ಲಿ ತಯಾರಾಗಿ ಬಂದಿದ್ದವು. ಅವನ್ನು ಕನ್ನಡ ಮಾಡಿ, ನಿಮ್ಮಂಥ ನಲವತ್ತು ಜನರ ಬಾಗಿಲು ತಟ್ಟಿ, ಉತ್ತರಗಳನ್ನು ಇಂಗ್ಲಿಷ್ ಮಾಡಿ ಕಳಿಸುವುದು ನಮ್ಮ ಕೆಲಸ. ಮೊದಲ ಎರಡು ದಿನ ನೀವು ಬಾಯಿ ಬಿಡಲಿಲ್ಲ. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ, 'ನಮ್ಮದೇನೈತೆ ಬರ್ಕೊಳ್ಳೋಕೆ, ಆಚೆಮನೆ ಸೊಣ್ಣಮ್ಮನ್ ಕೇಳು, ಅವ್ಳಿಗೆ ಬಾಯಿ ಜಾಸ್ತಿ' ಎಂದಿರಿ. ಮೂರನೆಯ ದಿನ ನನ್ನ ಮುಂದೆಯೂ ಒಂದು ಮೊರ ಕಾಯಿ ಸುರಿದು, 'ಸುಲಿ, ಕೇಳಿಸ್ಕೊ' ಎಂದಿರಿ.

ಹುಳಿಮಾವಿನ ತವರಿನ ಜಮೀನಿನ ಕಥೆ ಅಂದು ಹೇಳಿದಿರಿ. ನಿಮ್ಮ ತಂದೆಯ ತಿಥಿಯಾದ ವಾರಕ್ಕೆ ಅಣ್ಣ ಚಿಕ್ಕಬೈರಪ್ಪನವರು ಬಂದು, ಖಾತೆ ಬದಲಾವಣೆಗೆ ಸಾಕ್ಷಿ ಬೇಕು ಎಂದು ಕರೆದುಕೊಂಡು ಹೋದದ್ದು. ನೋಂದಣಿ ಕಚೇರಿಯಲ್ಲಿ ನಿಮ್ಮ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಐದು ಕಡೆ ಒತ್ತಿಸಿದ್ದು. ಅದು ನಿಮ್ಮ ಪಾಲು ಬಿಟ್ಟುಕೊಟ್ಟ ಪತ್ರ ಎಂದು ಗೊತ್ತಾಗುವ ಹೊತ್ತಿಗೆ ತೋಟದಲ್ಲಿ ಸೈಟಿನ ಕಲ್ಲು ನೆಟ್ಟಿದ್ದರು. ಇಷ್ಟನ್ನು ನೀವು ಅಳದೆ, ಯಾರನ್ನೂ ಬಯ್ಯದೆ, ನಡುವೆ ನನಗೆ 'ಹುಳ ಇರೋದನ್ನ ಆ ಕಡೆ ಹಾಕು' ಎಂದು ಹೇಳುತ್ತ ಹೇಳಿದಿರಿ. 'ಆದ್ರೂ ನಮ್ಮಣ್ಣ ವರ್ಷ ವರ್ಷ ಗೌರಿ ಹಬ್ಬಕ್ಕೆ ಮೊರದ ಬಾಗಿನ ತರೋದು ತಪ್ಸಿಲ್ಲ ಕಣಪ್ಪ. ಅಷ್ಟು ಐತಲ್ಲ' ಎಂದಿರಿ.

ಕ್ಯಾಸೆಟ್ಟು ಮುಗಿದು ಗುಂಡಿ ತಾನಾಗಿ ಮೇಲೆದ್ದಾಗ ನೀವು ಕೇಳಿದ್ದು ಒಂದೇ. 'ಬುಕ್ ಮಾಡ್ತೀಯಲ್ಲ, ಅದ್ರಲ್ಲಿ ನನ್ ಹೆಸರು ಇಕ್ತೀಯಾ? ಪಾಣೀಲಿ ಇಲ್ಲ, ಕಂದಾಯದ ಚೀಟೀಲಿ ಇಲ್ಲ. ಓಟಿನ ಪಟ್ಟೀಲಿ ಯಾವೋನೋ ಬರೀ ಮುನಿಯಮ್ಮ ಅಂತ ಮಾಡವ್ನೆ. ಒಂದ್ ಕಡೆ ಆದ್ರೂ ಪೂರ್ತಿ ಇರ್ಲಿ.'

'ಇಕ್ತೀನಮ್ಮ' ಎಂದೆ.

ಯೋಚಿಸಿ ಹೇಳಿದ ಮಾತಲ್ಲ ಅದು. ಊರುಗಳಲ್ಲಿ ತಿರುಗುವ ನಮ್ಮಂಥವರಿಗೆ ಅಂಥ ಒಂದು ಹೂಂಗುಟ್ಟುವಿಕೆ ಅಭ್ಯಾಸವಾಗಿರುತ್ತದೆ. ಮಾತಾಡಲು ಒಪ್ಪಿದವರು ಮನಸ್ಸು ಬದಲಿಸದಿರಲಿ, ಇನ್ನೊಂದು ದಿನ ಬಾಗಿಲು ತೆರೆಯಲಿ ಎಂದು. ನಮ್ಮ ಕಸುಬಿನಲ್ಲಿ ಮಾತಾಡಿದವರ ನಿಜ ಹೆಸರು ಹಾಕುವಂತಿಲ್ಲ. ಅವರಿಗೆ ತೊಂದರೆಯಾಗದಿರಲಿ ಎಂದು ಬೇರೆ ಹೆಸರು ಕೊಡುತ್ತೇವೆ. ಇದು ನನಗೆ ಆಗಲೇ ಗೊತ್ತಿತ್ತು. ಹೆಸರುಗಳ ಒಂದು ಪಟ್ಟಿಯನ್ನು ಟೈಪ್ ಮಾಡಿಸಿಟ್ಟಿದ್ದೆವು. ನೀವು ನನ್ನ ಹದಿನೇಳನೆಯವರು. ಪಟ್ಟಿಯಲ್ಲಿ ಹದಿನೇಳನೆಯ ಹೆಸರು ಅಂಕಮ್ಮ. ಪುಸ್ತಕದಲ್ಲಿ ನೀವು ಅಂಕಮ್ಮ, ಅಮ್ಮ. ಮೊದಲ ಪುಟದಿಂದ ಕೊನೆಯವರೆಗೆ. ಮುನ್ನುಡಿಯಲ್ಲಿ ಹಣ ಕೊಟ್ಟ ಸಂಸ್ಥೆಯ ಹೆಸರಿದೆ, ಹೊರದೇಶದ ಇಬ್ಬರು ಪ್ರೊಫೆಸರರ ಹೆಸರಿದೆ, ನಮ್ಮ ಆಫೀಸಿನಲ್ಲಿ ಕಾಫಿ ತರುತ್ತಿದ್ದ ವೆಂಕಟಾಚಲನ ಹೆಸರು ಕೂಡ ಇದೆ. ಅದನ್ನು ಬರೆಯುವಾಗ ನನ್ನ ದೊಡ್ಡತನದ ಬಗ್ಗೆ ನನಗೇ ಖುಷಿಯಾಗಿತ್ತು.

ಇಷ್ಟೇ ಆಗಿದ್ದರೆ ಮಾತು ತಪ್ಪಿದವನು ಎನ್ನಿಸಿಕೊಂಡು ಬದುಕಬಹುದಿತ್ತು. ಇಂಗ್ಲಿಷಿನಲ್ಲಿ ಪುಸ್ತಕ ಬಂದ ಮರುವರ್ಷ ನಾನೇ ನಿಮ್ಮ ಮನೆಗೆ ಬಂದೆ. ಒಂದು ಪ್ರತಿ ಕೊಡುವಷ್ಟು ಮನಸ್ಸಿರಲಿಲ್ಲ, ನನಗೆ ಬಂದದ್ದೇ ಐದು ಪ್ರತಿ. ನಿಮ್ಮ ಕಥೆಯ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ ತಂದಿದ್ದೆ. ನೀವು ಕೈ ಒರೆಸಿಕೊಂಡು ಬಂದು ಅದನ್ನು ಇಸ್ಕೊಂಡಿರಿ. ತಲೆಕೆಳಗಾಗಿ ಹಿಡಿದಿದ್ದಿರಿ, ನಾನು ತಿರುಗಿಸಿ ಕೊಟ್ಟೆ. 'ಎಲ್ಲೈತೆ ಹೆಸರು, ತೋರ್ಸು' ಎಂದಿರಿ. ಯಜಮಾನರನ್ನು ಕರೆದಿರಿ. ಸೊಣ್ಣಮ್ಮನವರನ್ನು ಗೋಡೆಯಾಚೆಯಿಂದ ಕೂಗಿದಿರಿ. ಇಂಗ್ಲಿಷ್ ಓದಲು ಬಾರದ ಮೂವರೂ ನನ್ನ ಮುಖ ನೋಡುತ್ತಿದ್ದಿರಿ.

ಆಗ ಹೇಳಬಹುದಿತ್ತು. ನಿಯಮ ಹೀಗಮ್ಮ, ನಿಮ್ಮ ಒಳ್ಳೆಯದಕ್ಕೇ ಅಂತ. ನೀವು ಬಯ್ಯುತ್ತಿದ್ದಿರಿ, ಕಾಫಿ ಕೊಡುತ್ತಿದ್ದಿರಿ. ನಾನು ಹಾಗೆ ಮಾಡಲಿಲ್ಲ. ನಿಮ್ಮ ತೋರುಬೆರಳನ್ನು ಹಿಡಿದು 'ಅಂಕಮ್ಮ' ಎಂದು ಅಚ್ಚಾದ ಜಾಗದ ಮೇಲೆ ಇಟ್ಟೆ. 'ಇಲ್ಲಿದೆ ನೋಡಿ' ಎಂದೆ.

ಆ ಬೆರಳಿನ ಒರಟು ನನ್ನ ಕೈಗೆ ಇನ್ನೂ ನೆನಪಿದೆ. ನೀವು ಸ್ವಲ್ಪ ಹೊತ್ತು ಅದನ್ನು ಅಲ್ಲಿಂದ ಎತ್ತಲೇ ಇಲ್ಲ. 'ಇಷ್ಟ್ ಚಿಕ್ಕದಾ?' ಎಂದು ಕೇಳಿದಿರಿ. ಸೊಣ್ಣಮ್ಮನವರು, 'ಇನ್ನೇನ್ ಸಿನಿಮಾ ಬೋರ್ಡಿನಷ್ಟು ಇರ್ತದಾ' ಎಂದು ನಕ್ಕರು. ನಾನೂ ನಕ್ಕೆ. ನಿಮ್ಮ ಕೈಹಿಡಿದು ಕಚೇರಿಯಲ್ಲಿ ಒತ್ತಿಸಿದ ಅಣ್ಣನ ಬಗ್ಗೆ ನಾನು ಆರು ಪುಟ ಬರೆದಿದ್ದೆ. ಅದೇ ಪುಟದ ಮೇಲೆ ನಿಮ್ಮ ಬೆರಳನ್ನು ನಾನು ಒತ್ತಿಸಿದ್ದೇನೆ ಎಂಬುದು ಹೊಳೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಹೊಳೆಯಿತು ಎನ್ನುವುದೂ ಪೂರ್ತಿ ಸರಿಯಲ್ಲ. ಹೇಮಶ್ರೀ ಬಂದು ಹೇಳಿದಳು.

ಹೋದ ತಿಂಗಳು ಬಂದಿದ್ದಳು. ಎಂ.ಎ. ಮುಗಿಸಿ ಅವಳೂ ಸರ್ವೆ ಕೆಲಸಕ್ಕೆ ಸೇರಿದ್ದಾಳೆ, ಬಿಟಿಎಂ ಲೇಔಟಿನಲ್ಲಿ ಮನೆಗೆಲಸದ ಹೆಂಗಸರನ್ನು ಮಾತಾಡಿಸುತ್ತಾಳೆ ಎಂದು ನಿಮಗೆ ಗೊತ್ತಲ್ಲ. 'ನಮ್ಮಜ್ಜಿ ಬುಕ್ಕಲ್ಲಿದಾರೆ ಅಂತಾನೇ ನಾನು ಈ ಸಬ್ಜೆಕ್ಟ್ ತಗೊಂಡಿದ್ದು ಸಾರ್' ಎಂದು ಶುರು ಮಾಡಿದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಚೀಲದಿಂದ ಆ ಜೆರಾಕ್ಸ್ ತೆಗೆದು ನನ್ನ ಮೇಜಿನ ಮೇಲಿಟ್ಟಳು. ನೀವು ತಿಲಕ್ ನಗರದ ಅಂಗಡಿಯಲ್ಲಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದಿರಂತೆ. ಅದರ ಮೇಲೆ ಒಂದು ಕಡೆ ಕುಂಕುಮ ಗಟ್ಟಿಯಾಗಿ ಅಂಟಿತ್ತು. ಸರಿಯಾಗಿ ನಾನು ನಿಮ್ಮ ಬೆರಳಿಟ್ಟ ಜಾಗದಲ್ಲಿ. 'ಪ್ರತಿ ಗೌರಿ ಹಬ್ಬಕ್ಕೂ ಇಡ್ತಾರೆ ಸಾರ್. ತವರಿಂದ ಯಾರೂ ಬರಲ್ಲ ಅಲ್ವಾ' ಎಂದಳು.

ತವರಿನವರು ಯಾಕೆ ಬರುವುದಿಲ್ಲ ಎಂಬುದನ್ನು ನಾನು ಅಂದು ಮೊದಲ ಬಾರಿಗೆ ಕೇಳಿದೆ.

ಪುಸ್ತಕದಲ್ಲಿದ್ದ ನಿಮ್ಮ ಕಥೆಯ ಎರಡು ಪುಟ ಒಂದು ಇಂಗ್ಲಿಷ್ ಪೇಪರಿನಲ್ಲಿ ಬಂದಿದ್ದವು. ಊರುಗಳ ಹೆಸರನ್ನೂ ನಾನು ಬದಲಿಸಿದ್ದೆ, ಆದರೆ ಕೆರೆ ಏರಿ, ಎರಡು ಬಾವಿ, ಗುಲಾಬಿ ತೋಟ, ತಿಥಿಯ ವಾರ, ಎಲ್ಲವನ್ನೂ ಹಾಗೇ ಬಿಟ್ಟಿದ್ದೆ. ಅವಿಲ್ಲದಿದ್ದರೆ ಬರಹ ಸಪ್ಪೆಯಾಗುತ್ತಿತ್ತು. ನಿಮ್ಮ ಅಣ್ಣನ ಮಗ ಶಿವರಾಮ್ ಅದನ್ನು ಓದಿ ಅಪ್ಪನಿಗೆ ಹೇಳಿದ. ಹುಳಿಮಾವಿನಲ್ಲಿ ಎರಡು ಬಾವಿಯ ತೋಟ ಇದ್ದದ್ದು ಒಂದೇ ಮನೆಗೆ. ಅಪ್ಪ ಮಗ ಇಬ್ಬರೂ ನಿಮ್ಮ ಬಾಗಿಲಿಗೆ ಬಂದರು. ಆಗಲೂ ಶಿವರಾಮ್ ಒಂದು ದಾರಿ ತೋರಿಸಿದನಂತೆ: 'ಅತ್ತೆ, ಇದ್ರಲ್ಲಿ ನಿಮ್ ಹೆಸರಿಲ್ಲ, ಯಾವ್ದೋ ಅಂಕಮ್ಮ ಅಂತೈತೆ. ನಾನ್ ಹೇಳಿದ್ದಲ್ಲ ಅಂದ್ಬಿಡಿ. ಅಪ್ಪ ಬಿಟ್ಬಿಡ್ತಾರೆ.'

ಆ ಬೇರೆ ಹೆಸರು ಇರುವುದೇ ಅದಕ್ಕೆ, ಅಮ್ಮ. ಅಂಥ ಒಂದು ಘಳಿಗೆಯಲ್ಲಿ ನಿಮ್ಮಂಥವರು ಅದರ ಹಿಂದೆ ನಿಂತುಕೊಳ್ಳಲಿ ಎಂದು. ನೀವು ನಿಲ್ಲಲಿಲ್ಲ. 'ಸುಳ್ಳು ಹೇಳ್ಬೇಡ ಶಿವು. ಪ್ರಸಾದು ಬೆಳ್ಳು ಇಟ್ಟು ತೋರ್ಸವ್ನೆ. ನಂದೇ ಹೆಸರು, ನಾನೇ ಹೇಳಿದ್ದು' ಎಂದಿರಿ. ಓದು ಬಲ್ಲ ನಿಮ್ಮ ಅಣ್ಣನ ಮಗನ ಕಣ್ಣಿಗಿಂತ ನನ್ನ ಕೈಯನ್ನು ನಂಬಿದಿರಿ. ಅಣ್ಣ ಎದ್ದು ಹೋದರು. ಹದಿನೇಳು ವರ್ಷ ಬಾಗಿನ ಬರಲಿಲ್ಲ. ಹೋದ ವರ್ಷ ಅವರು ತೀರಿಕೊಂಡಾಗ ನೀವು ಹೇಮಶ್ರೀಯ ಜೊತೆ ಹುಳಿಮಾವಿಗೆ ಹೋದಿರಿ. ಯಾರೂ ಒಳಗೆ ಕರೆಯಲಿಲ್ಲ, ಗೇಟಿನ ಹತ್ತಿರ ನಿಂತು ನೋಡಿ ಬಂದಿರಿ. ಆಟೋದಲ್ಲಿ ಮೊಮ್ಮಗಳಿಗೆ, 'ಇರ್ಲಿ, ಹೇಳಿದ್ದು ಹೇಳಿದೀನಿ, ಹೆಸರು ನಿಂತೈತೆ' ಎಂದಿರಂತೆ.

ನಿಂತಿಲ್ಲ ಅಮ್ಮ. ಪುಸ್ತಕದಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲ. ನೀವು ಕುಂಕುಮ ಇಡುತ್ತ ಬಂದದ್ದು ನಾವು ಟೈಪ್ ಮಾಡಿಸಿದ ಪಟ್ಟಿಯ ಒಂದು ಹೆಸರಿನ ಮೇಲೆ. ಅಂಥ ಹೆಂಗಸು ಹುಟ್ಟಿಯೇ ಇಲ್ಲ.

ಇದನ್ನು ಓದುವಾಗ ಹೇಮಶ್ರೀಯ ದನಿ ತಗ್ಗಿದರೆ ಅವಳನ್ನು ಬಯ್ಯಬೇಡಿ. ಕಾಲೇಜು ಸೇರಿದ ವರ್ಷವೇ ಆ ಪುಟವನ್ನು ಓದಿದ್ದಳಂತೆ. ನಿಮಗೆ ಹೇಳಿರಲಿಲ್ಲ. 'ಹೇಳೋದು ನನ್ನ ಕೆಲಸ ಅಲ್ಲ ಸಾರ್, ನಿಮ್ದು' ಎಂದಳು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು: 'ನಮ್ಮ ಫಾರ್ಮಲ್ಲೂ ಹೆಸರು ಗೌಪ್ಯವಾಗಿಡ್ತೀವಿ ಅಂತ ಓದಿ ಸೈನ್ ಹಾಕಿಸ್ಕೋತೀವಿ. ಹೆಸರು ಬೇಕಾ ಅಂತ ಕೇಳೋಕೆ ಕಾಲಮ್ಮೇ ಇಲ್ಲ. ನಾನು ಪೆನ್ನಲ್ಲಿ ಪಕ್ಕಕ್ಕೆ ಬರ್ಕೋತೀನಿ.' ಮೂವತ್ತು ವರ್ಷ ಈ ಕಸುಬು ಮಾಡಿದ ನನಗೆ ಆ ಪೆನ್ನಿನ ಯೋಚನೆ ಒಂದು ದಿನವೂ ಬಂದಿರಲಿಲ್ಲ.

ಗೌರಿ ಹಬ್ಬಕ್ಕೆ ಇನ್ನು ಒಂಬತ್ತು ದಿನ ಇದೆ. ಒಂದು ಮೊರ ಕಟ್ಟಿಸಿಕೊಂಡು ನಿಮ್ಮ ಬಾಗಿಲಿಗೆ ಬರೋಣವೇ ಎಂದು ಯೋಚಿಸಿದೆ. ನಾಲ್ಕನೇ ಬ್ಲಾಕಿನ ಅಂಗಡಿಯ ಮುಂದೆ ನಿಂತೂ ಇದ್ದೆ. ಆಮೇಲೆ ಅಸಹ್ಯವಾಯಿತು. ನಿಮ್ಮ ಅಣ್ಣನನ್ನು ನಿಮ್ಮಿಂದ ದೂರ ಮಾಡಿದವನು ಅವರ ಜಾಗದಲ್ಲಿ ಬಂದು ಕೂರುವುದು ಇನ್ನೊಂದು ಸುಳ್ಳಾಗುತ್ತಿತ್ತು.

ನನ್ನ ಕೈಲಿರುವುದು ಒಂದೇ. ಆ ಪುಸ್ತಕ ಈ ವರ್ಷ ಕನ್ನಡದಲ್ಲಿ ಬರುತ್ತಿದೆ. ನಿಮ್ಮ ಹೆಸರು ಇರಬೇಕೋ ಬೇಡವೋ ನೀವು ಹೇಳುವವರೆಗೆ ಆ ಪುಟಗಳು ಅಚ್ಚಿಗೆ ಹೋಗುವುದಿಲ್ಲ. ಆ ಕಥೆಯೇ ಬೇಡ ಎಂದರೆ ತೆಗೆಸುತ್ತೇನೆ. ನಿಮ್ಮ ಉತ್ತರವನ್ನು ಹೇಮಶ್ರೀ ಬರೆದುಕೊಳ್ಳಲಿ. ನಾನು ಬರೆದುಕೊಳ್ಳುವುದು ಬೇಡ.

ಕಾಗದ ಮುಗಿದ ಮೇಲೆ ಹೇಮಶ್ರೀ ನಿಮ್ಮ ಬೆರಳನ್ನು ಇದರ ಮೊದಲ ಸಾಲಿನ ಮೇಲೆ ಇಡುತ್ತಾಳೆ. ಸ್ವಲ್ಪ ದೊಡ್ಡದಾಗಿಯೇ ಬರೆದಿದ್ದೇನೆ. ಅಲ್ಲಿ ಮುನಿವೆಂಕಟಮ್ಮ ಎಂದಿದೆ. ನನ್ನ ಮಾತು ನಂಬಬೇಡಿ. ಸೊಣ್ಣಮ್ಮನವರ ಮಗನಿಗೆ ತೋರಿಸಿ ಕೇಳಿ, ಅಂಗಡಿಯವನಿಗೆ ತೋರಿಸಿ ಕೇಳಿ. ಆಗಬಹುದಾದರೆ ಹುಳಿಮಾವಿಗೆ ಹೇಳಿಕಳಿಸಿ ಶಿವರಾಮನನ್ನು ಕರೆಸಿ, ಅವನಿಂದ ಓದಿಸಿ. ಅಂದು ನಿಮ್ಮ ಬಾಗಿಲಲ್ಲಿ ನಿಜ ಹೇಳಿದವನು ಅವನೊಬ್ಬನೇ.

ನಿಮ್ಮ ಆಶೀರ್ವಾದ ಕೇಳುವ ಮುಖವಿಲ್ಲದೆ, ನೀವಿರುವ ದಿಕ್ಕಿಗೆ ಕೈಮುಗಿದು,

ಹುರಿಹಿಟ್ಟು ಚೆಲ್ಲಿದವನು,
ಪ್ರಸಾದು