ಕೊಟ್ಟಿಗೆಯಿಂದ ಬೆಟ್ಟಮ್ಮಕ್ಕನಿಗೆ

ಬೆಟ್ಟಮ್ಮಕ್ಕ,

ಗೋಡೆಯಾಚೆ ಇರುವವಳಿಗೆ ಕಾಗದ ಬರೆಯುವ ಗತಿ ಬಂತು ನೋಡು. ನೀನು ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತದೆ, ನಾನು ಕೆಮ್ಮಿದರೆ ನಿನಗೆ ಕೇಳುತ್ತದೆ. ಆದರೆ ಎದುರು ನಿಂತು ಮಾತು ತೆಗೆದರೆ ನೀನು ಅತ್ತುಬಿಡುತ್ತೀಯ, ನೀನು ಅತ್ತರೆ ನಾನು ಸುಮ್ಮನಾಗಿಬಿಡುತ್ತೇನೆ. ಈ ಸಲ ಸುಮ್ಮನಾಗಲು ಮನಸ್ಸಿಲ್ಲ. ಹೊಸ ಮನೆಯ ಗೃಹಪ್ರವೇಶಕ್ಕೆ ಮಗ ಸಂತೋಷನ ಕೈಲಿ ಕರೆ ಕಳಿಸಿದ್ದೀಯಲ್ಲ, ಇದೇ ಅದಕ್ಕೆ ಉತ್ತರ ಅಂದುಕೋ.

ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಟ್ಟನಡುವೆ ಎಬ್ಬಿಸಿದ ಮಣ್ಣಿನ ಗೋಡೆ ನಿನಗೆ ನೆನಪಿದೆ. ಗಂಡಸರು ಜಗಳವಾಡಿ ಕಟ್ಟಿದ್ದು. ಭಾವ ತೀರಿಕೊಂಡ ಮೇಲೂ ಅದು ನಿಂತೇ ಇತ್ತು. ಮಾತಾಡಬೇಕೆನಿಸಿದರೆ ವಾರಗಿತ್ತಿಯರು ನಾವಿಬ್ಬರೂ ಹಿತ್ತಿಲು ಸುತ್ತಿಕೊಂಡು ಬರಬೇಕಿತ್ತು. ಹೋದ ಮಳೆಗಾಲದಲ್ಲಿ ಕೆರೆ ಏರಿ ಒಡೆದು ನಮ್ಮ ಬೀದಿಗೆ ನೀರು ನುಗ್ಗಿತಲ್ಲ, ಮೊದಲು ಬಿದ್ದದ್ದು ಆ ಗೋಡೆಯೇ.

ಬೀದಿಯವರೆಲ್ಲ ಸ್ಕೂಲಿನಲ್ಲಿ ಮಲಗಿದೆವು. ಒಂದೇ ಒಲೆಯಲ್ಲಿ ಬೆಂದ ರಾಗಿಹಿಟ್ಟಿನ ಮುದ್ದೆ, ಸೊಪ್ಪಿನ ಸಾರು. ಬದುವಿನ ಜಗಳಕ್ಕೆ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದವರು ಒಬ್ಬರ ಮಕ್ಕಳಿಗೆ ಒಬ್ಬರು ತುತ್ತು ಹಾಕಿದರು. ನೀರು ಇಳಿದು ಮನೆಗೆ ಬಂದರೆ, ನನ್ನ ಕಡೆಯ ಸೂರು ಕುಸಿದಿತ್ತು, ನಿನ್ನ ಕಡೆಯ ಹೆಂಚು ಹಾಗೇ ಇತ್ತು, ನಡುವಿನ ಗೋಡೆ ಮಾತ್ರ ಇರಲಿಲ್ಲ. ನೀನು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಓಗ್ಲಿ ಬುಡಮ್ಮಿ, ಸನಿ ತೊಲಗ್ತು" ಅಂದೆ. ಆ ಕೆಸರಿನಲ್ಲಿ ನಿಂತು ಇಬ್ಬರೂ ನಕ್ಕಿದ್ದೆವು.

ನಿನ್ನ ಕೊಟ್ಟಿಗೆ ಕೊಚ್ಚಿಹೋಗಿ ಹಸು ಬಯಲಲ್ಲಿ ನೆನೆಯುತ್ತಿತ್ತು. ನನ್ನ ಕಡೆಗೇ ಕಟ್ಟಕ್ಕ ಎಂದವಳು ನಾನು. ನನ್ನ ಒಲೆ, ಪಾತ್ರೆ ಎಲ್ಲ ನಿನ್ನ ಕಡೆ ಬಂದವು, ನನ್ನ ಅಡುಗೆಮನೆಯಲ್ಲಿ ಅಳಿದುಳಿದ ಸೂರಿನ ಕೆಳಗೆ ನಿನ್ನ ಹಸು ನಿಂತಿತು. ನನ್ನ ಗಂಡ ನಡುವೆ ಟಾರ್ಪಾಲನ್ನಾದರೂ ಕಟ್ಟುತ್ತೇನೆ ಎಂದರು. ನಾನೇ ಬೇಡವೆಂದೆ. ಮದುವೆಯಾಗಿ ಬಂದಮೇಲೆ ಆ ಮನೆ ನನಗೆ ಮನೆ ಅನ್ನಿಸಿದ್ದು ಅದೇ ಮೊದಲು.

ಆಮೇಲೆ ಆ ಸಿನಿಮಾ. ಕೆಸರು ಬಾಚಿ ಬಾಚಿ ಸಾಕಾಗಿ, ಎದುರುಮನೆ ಬಿಂದುಶ್ರೀ ಹೆಂಗಸರನ್ನೆಲ್ಲ ಮಂಡ್ಯಕ್ಕೆ ಹೊರಡಿಸಿದಳು. ಹೇಗೂ ಬಸ್ಸು ನಮಗೆ ಫ್ರೀ. ಮನೆ ಹೀಗೆ ಬಿದ್ದಿರುವಾಗ ಸಿನಿಮಾ ನೋಡಿದರೆ ಜನ ಏನಂದಾರು ಎಂದು ನಾನು ಹಿಂದೆಮುಂದೆ ನೋಡುತ್ತಿದ್ದೆ. ನೀನೇ ಅಂದೆ: "ಅತ್ತಿದ್ದು ಸಾಕು ಕಣಮ್ಮಿ. ಓಗಿ ಒಸಿ ನಕ್ಕಂಡ್ ಬಾ. ಮಂಡಿನೋವು ಇಟ್ಕಂಡು ನಾನೆಲ್ಲಿ ಬರ್ಲಿ, ಮನೆತವ ನಾನಿರ್ತೀನಿ." ನನ್ನ ಸೀರೆಗಳೆಲ್ಲ ಕೆಸರು ಕುಡಿದಿದ್ದವು. ನಿನ್ನ ಟ್ರಂಕಿನಿಂದ ನೇರಳೆ ಬಣ್ಣದ ಸೀರೆ ತೆಗೆದು ನೀನೇ ಉಡಿಸಿದೆ.

ಎಷ್ಟೋ ದಿನಕ್ಕೆ ಒಣಗಿದ ಜಾಗದಲ್ಲಿ ಕೂತಿದ್ದೆ ಅಕ್ಕ. ಅಷ್ಟಕ್ಕೇ ಕಣ್ಣು ತುಂಬಿ ಬಂತು. ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮದುವೆ ಬೇಡವೆಂದು ಓಡಿಬಂದ ಗಂಡು ಕೋಳಿಗೂಡಿನಲ್ಲಿ ಅಡಗಿರುತ್ತಾನೆ, ಅತ್ತೆಯಾಗುವವಳು ಮೊಟ್ಟೆಗೆಂದು ಕೈ ಹಾಕಿ ಅವನ ಮೂಗು ಹಿಡಿಯುತ್ತಾಳೆ. ಬಿಂದುಶ್ರೀ ನಗುತ್ತಾ ಪಾಪ್‌ಕಾರ್ನ್ ಎಲ್ಲ ಚೆಲ್ಲಿದಳು. ನೀನೂ ಇರಬೇಕಿತ್ತು ಅನ್ನಿಸಿ, ಬಸ್‌ಸ್ಟ್ಯಾಂಡಿನಲ್ಲಿ ನಿನಗೆಂದು ಮದ್ದೂರು ವಡೆ ಕಟ್ಟಿಸಿಕೊಂಡೆ.

ಸಂಜೆ ನೀನು ವಡೆ ಮುರಿದುಕೊಳ್ಳುತ್ತಾ ಕತೆ ಹೇಳು ಎಂದೆ. ನಾನು ಮೊದಲಿಂದ ಕೊನೆಯವರೆಗೂ ಹೇಳಿದೆ. ಅತ್ತೆಯಂತೆ ಕೈ ಚಾಚಿ ತೋರಿಸಿದೆ. ನೀನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಾ, "ಆಮೇಕೆ? ಆಮೇಕೇನಾಯ್ತಮ್ಮಿ?" ಅಂತ ಕೇಳುತ್ತಲೇ ಇದ್ದೆ.

ಆ ಮಧ್ಯಾಹ್ನ ಮನೆ ನೋಡಲು ಯಾರೋ ಬಂದಿದ್ದರು ಎಂಬ ಮಾತೇ ನಿನ್ನ ಬಾಯಲ್ಲಿ ಬರಲಿಲ್ಲ.

ಬೀದಿಯಲ್ಲಿ ಒಬ್ಬೊಬ್ಬರಿಗೇ ಪರಿಹಾರ ಬಂತು. ನಿನಗೆ ಬಂತು. ನಮಗೆ ಬರಲಿಲ್ಲ. ಬಿದ್ದ ಮನೆಗಳನ್ನು ನೋಡಿಹೋಗಿದ್ದ ಅಧಿಕಾರಿ ಮತ್ತೊಮ್ಮೆ ಊರಿಗೆ ಬಂದಾಗ ಅಡ್ಡಗಟ್ಟಿ ಕೇಳಿದೆ. ಆತ ನೆಲ ನೋಡುತ್ತಾ ಹೇಳಿದ: "ಅಲ್ಲಿ ಅಸ ಕಟ್ಟಿತ್ತಲ್ಲಮ್ಮ. ಇದ್ಯಾರ ಮನೆ ಅಂದ್ರೆ, ನಮ್ ಕೊಟ್ಗೆ ಅಂದ್ರು ನಿಮ್ಮಕ್ಕ. ನೀವು ಸಿನಿಮಾಕ್ ಓಗಿದ್ರಂತಲ್ಲ."

ನನ್ನ ಬಿದ್ದ ಮನೆ ನಿನ್ನ ಕೊಟ್ಟಿಗೆಯಾಗಿ ನಿನ್ನ ಲೆಕ್ಕಕ್ಕೇ ಸೇರಿತು. ಸರಿಪಡಿಸಿಕೊಡುತ್ತಾರೇನೋ ಎಂದು ಅಲೆದು ಅಲೆದು ನನ್ನ ಗಂಡನ ಚಪ್ಪಲಿ ಸವೆಯಿತು. ಅಷ್ಟರಲ್ಲಿ ನಿನ್ನ ಕಡೆ ಇಟ್ಟಿಗೆ ಬಂತು, ಗಾರೆಯವರು ಬಂದರು. ಅವರು ಮೊದಲು ಕಟ್ಟಿದ್ದು ಈ ಗೋಡೆಯನ್ನೇ. ಸಂತೋಷನ ಮದುವೆ ಗೊತ್ತಾಗಿತ್ತು, ಸೊಸೆ ಬರುವ ಮನೆ ಚೆಂದವಿರಬೇಕಿತ್ತು, ಅದು ನನಗೂ ಅರ್ಥವಾಗುತ್ತದೆ. ಕೇಳಿದ್ದರೆ ನಮಗೆ ಬರುವುದರಲ್ಲಿ ಅರ್ಧ ನಾನೇ ಕೊಡುತ್ತಿದ್ದೆನೋ ಏನೋ.

ದುಡ್ಡಿಗಾಗಿ ಹೊಟ್ಟೆ ಉರಿಯುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಉರಿಯುತ್ತದೆ. ಆದರೆ ಅದಕ್ಕಿಂತ ಹೆಚ್ಚು ಉರಿಯುವುದು ಆ ಸಂಜೆ. ನಿನ್ನ ಕತೆ ಮಧ್ಯಾಹ್ನವೇ ಹೇಳಿ ಮುಗಿಸಿ, ಸಂಜೆ ನನ್ನದನ್ನು ಅಷ್ಟು ಆಸೆಯಿಂದ ಹೇಗೆ ಕೇಳಿದೆ? ಆ ವಡೆ ನಿನ್ನ ಗಂಟಲಲ್ಲಿ ಹೇಗಿಳಿಯಿತು? ಅವತ್ತಿನ ನಿನ್ನ ನಗು ಸುಳ್ಳಲ್ಲ ಎಂದು ನನಗೆ ಗೊತ್ತು. ಅದೇ ನನ್ನನ್ನು ಹೆಚ್ಚು ಕೊಲ್ಲುವುದು. ಈಗ ಟಿವಿಯಲ್ಲಿ ಯಾವ ಸಿನಿಮಾ ಬಂದರೂ ನಾನು ಆರಿಸಿಬಿಡುತ್ತೇನೆ, ಮಗಳು ಗಗನ ಯಾಕಮ್ಮ ಎಂದು ಬೈಯುತ್ತಾಳೆ.

ನೇರಳೆ ಸೀರೆ ಒಗೆದು ಇಸ್ತ್ರಿ ಮಾಡಿಸಿ ಈ ಕಾಗದದ ಜೊತೆಗೆ ಇಟ್ಟಿದ್ದೇನೆ. ಗೃಹಪ್ರವೇಶಕ್ಕೆ ನಾನು ಬರುವುದಿಲ್ಲ. ಗಗನ ಬರುತ್ತಾಳೆ, ಅವಳಿಗೆ ಇದೊಂದೂ ಗೊತ್ತಿಲ್ಲ, ಹೊಟ್ಟೆ ತುಂಬ ಉಣ್ಣಿಸಿ ಕಳಿಸು. ಬರುವ ಸೊಸೆ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ. ಗೋಡೆ ಗಟ್ಟಿಯಾಗಿಯೇ ಕಟ್ಟಿಸಿದ್ದೀಯ, ನೂರು ವರ್ಷ ನಿಲ್ಲಲಿ. ಇನ್ನೊಂದು ಸಲ ಕೆರೆ ಒಡೆದರೂ ಬೀಳದಿರಲಿ.

ಇಂತಿ, ನಿನ್ನ ಹಸು ನಿಂತಿದ್ದ ಜಾಗದಲ್ಲೇ ಒಲೆ ಹೂಡಿಕೊಂಡಿರುವ,
ಅಮೃತ