ಕಿಂಡಲ್ ಅಂದರೆ

ಜೂನ್ ೩, ಸಂಜೆ

ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಈಗಷ್ಟೇ ಕೂತೆ. ಸಾತನೂರಿಗೆ ಸೊಸೆಯಾಗಿ ಬಂದ ಮೇಲೆ ಕೆಲಸ ಒಗ್ಗಿತು, ಇಲ್ಲಿನ ಮಾತು ಒಗ್ಗಲಿಲ್ಲ. ಗಂಡ ರಾಮುಗೆ ನನ್ನ ಹಾವೇರಿ ಮಾತೇ ಇಷ್ಟವಂತೆ. ಹಾಲಿನ ವ್ಯಾನ್ ನಿಲ್ಲಿಸಿ ಬಂದವನೇ, “ಒಸಿ ನಿಮ್ ಕಡೆ ಥರ ಮಾತಾಡು ಕುಸುಮಾ, ಕೇಳಕ್ಕೆ ಚೆಂದಾಗೈತೆ” ಅಂದ.

ಅಪ್ಪ ತೀರಿಕೊಂಡ ದಿನದ ಬಗ್ಗೆ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಅಳು ಬಂತು. ಕೈ ಹಿಡಿದುಕೊಂಡ.

ಜೂನ್ ೭

ಪಕ್ಕದ ಮನೆ ಲತಾಮಣಿ ಸಿಕ್ಕಿದ್ದಳು. “ನಿನ್ ಗಂಡ ನಿನ್ನ ಶ್ಯಾನೆ ಕಿಂಡಲ್ ಮಾಡ್ತಾವ್ನೆ ಕಣಮ್ಮ” ಅಂದು ಹೊರಟೇಬಿಟ್ಟಳು. ಕಿಂಡಲ್? ಕೇಳಿಲ್ಲ. ರಾಮುವನ್ನು ಕೇಳಿದೆ. ನಕ್ಕ.

“ಮುದ್ದು ಮಾಡೋದು ಕಣೆ... ಸಲುಗೆ.”

ಒಳ್ಳೆ ಪದ.

ಜೂನ್ ೧೩

ನಾದಿನಿಯ ಸೀಮಂತ. ಹೆಂಗಸರು ಕೇಳಿದರು — “ಗಂಡ ಚೆಂದಾಗಿ ನೋಡ್ಕತಾನೇನವ್ವ?” ನಾಚಿಕೊಂಡು ಹೇಳಿದೆ, “ಭಾಳ ಕಿಂಡಲ್ ಮಾಡ್ತಾರ್ರೀ ನನಗ.”

ನಕ್ಕರು. ನಕ್ಕೂ ನಕ್ಕೂ ಒಬ್ಬಳು, “ನಾವೂ ಕೇಳಿದೀವಿ ಬುಡವ್ವ, ವಾಟ್ಸಾಪಲ್ಲಿ!”

ಲತಾಮಣಿ ಹಿತ್ತಲಿಗೆ ಎಳೆದುಕೊಂಡು ಹೋದಳು. ಕಿಂಡಲ್ ಅಂದರೆ ಗೇಲಿಯಂತೆ. ಆಡಿಕೊಂಡು ನಗುವುದು. ಅವಳ ಗಂಡನೂ ವ್ಯಾನ್ ಡ್ರೈವರುಗಳ ಗ್ರೂಪಿನಲ್ಲಿದ್ದಾನೆ. ಫೋನ್ ಕಿವಿಗೆ ಹಿಡಿದಳು. ನನ್ನದೇ ದನಿ. ಆ ಸಂಜೆ ಅಪ್ಪನ ಬಗ್ಗೆ ಹೇಳಿದ್ದನ್ನು ರಾಮು ಕದ್ದು ರೆಕಾರ್ಡ್ ಮಾಡಿದ್ದ. “ಯಪ್ಪಾ, ಕಣ್ಣ ತೆರಿಯೋ...” ಕೆಳಗೆ ಸಾಲಾಗಿ ನಗುವ ಮುಖಗಳು. ರಾಮು ಬರೆದಿದ್ದು — ‘ಇವತ್ತಿನ ಎಪಿಸೋಡ್.’

ಮನೆಗೆ ಬಂದು ಕೇಳಿದೆ.

“ತಮಾಸೆಗೆ ಕಣೆ. ಎಲ್ರೂ ಎಲ್ರುನೂ ಕಿಂಡಲ್ ಮಾಡ್ತಾರೆ...”

“ನಮ್ಮಪ್ಪ ಸತ್ತಿದ್ದೂ ತಮಾಷೆನಾ?”

ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಜೂನ್ ೨೯

ಆವತ್ತಿನಿಂದ ಅವನ ಜೊತೆ ಮಾತಿಲ್ಲ. “ಗಂಡಸ್ರು ಕಣವ್ವ, ಬುಟ್ಬುಡು” ಅಂದರು ಅತ್ತೆ. ಬಿಡಲಾಗಲಿಲ್ಲ.

ಇವತ್ತು ಡೇರಿಗೆ ಹೋದೆ. ರಾಮು, ಅವನ ಗ್ರೂಪಿನವರು, ಎಲ್ಲ ಅಲ್ಲೇ ಇದ್ದರು. “ನಮ್ಮಪ್ಪ ಹೆಂಗ ಸತ್ತ ಅಂತ ಅರ್ಧ ಕೇಳೀರಿ. ಉಳಿದದ್ದೂ ಕೇಳ್ರಿ” ಅಂದೆ. ನಮ್ಮ ಕಡೆ ಮಾತಿನಲ್ಲೇ, ನಿಂತುಕೊಂಡೇ, ಪೂರ್ತಿ ಹೇಳಿದೆ. ಈ ಸಲ ಅಳಲಿಲ್ಲ.

ಒಬ್ಬರೂ ನಗಲಿಲ್ಲ. ರಾಮು ತಲೆ ಎತ್ತಲಿಲ್ಲ.

ಜೂನ್ ೩೦, ಬೆಳಿಗ್ಗೆ

ತವರಿಗೆ ಹೊರಡಲು ಬ್ಯಾಗ್ ತುಂಬಿದೆ. ಕನಕಪುರದ ಬಸ್ಸು ಬರುವ ಹೊತ್ತು. ರಾಮು ಬಾಗಿಲಲ್ಲಿ ನಿಂತಿದ್ದಾನೆ.

“ಡಿಲೀಟ್ ಮಾಡ್ಬುಟ್ಟೆ ಕಣೆ. ಬೈದಾದ್ರೂ ಬುಡು. ಒಂದ್ ಮಾತಾಡು.”

ಕಣ್ಣು ಕೆಂಪಗಿದೆ. ನಿಜವೇ ಇರಬೇಕು. ಬಾಯಿ ತೆರೆಯುವ ಮುಂಚೆ ಅವನ ಜೇಬು ನೋಡಿದೆ, ಫೋನ್ ಇದೆಯಾ ಅಂತ. ಇನ್ನು ಯಾವಾಗಲೂ ಹೀಗೇ ನೋಡಬೇಕಾ? ಪಕ್ಕದಲ್ಲಿ ಕೂತು ಕೈ ಹಿಡಿದಾಗಲೂ...

ಹೊರಗೆ ಹಾರ್ನ್. ಅವನು ಬ್ಯಾಗಿಗೆ ಕೈ ಹಾಕಿದ. ನಾನು ಬಿಡಿಸಿಕೊಂಡು ಹೊರಟೆ.